"ಎಲ್ಲಾ ಸಾಫ್ಟ್ ಕಾಪಿ ಕೊಡ್ತೀರಾ ತಾನೆ?"

ಅಮೆರಿಕದಲ್ಲಿ ಸೀನಿಯರ್ ಪೋರ್ಟ್ರೇಟ್, ಅಂದರೆ ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳ ಫೋಟೊ, ತೆಗೆಯುವವರಿಗೆ ನಮ್ಮವರ ಮನೆಯಿಂದ ಫೋನ್ ಬಂದರೆ ಮೂರನೆಯ ಮಾತಿನೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ಮಗಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದಾಳೆ, ಈಯರ್‌ಬುಕ್ಕಿಗೆ (ಶಾಲೆ ಪ್ರತಿ ವರ್ಷ ತರುವ ಫೋಟೊ ಪುಸ್ತಕ) ಒಂದು ಫೋಟೊ ಬೇಕು, ಹೊರಗಡೆ ಒಂದಷ್ಟು ಇರಲಿ, ಸೀರೆಯಲ್ಲೂ ಎರಡು ತೆಗೆದುಬಿಡಿ. ಒಟ್ಟು ಎಷ್ಟಾಗುತ್ತದೆ, ಸಾಫ್ಟ್ ಕಾಪಿ ಎಲ್ಲ ಬರುತ್ತದೆ ತಾನೆ? ಕೇಳುವುದರಲ್ಲಿ ತಪ್ಪಿಲ್ಲ. ಕಷ್ಟವಿರುವುದು ಆ ಪ್ರಶ್ನೆಗೆ ಫೋಟೊಗ್ರಾಫರ್ ಕೊಡುವ ಉತ್ತರದಲ್ಲಿ. "ಹೂಂ, ಎಲ್ಲ ಕೊಡ್ತೀನಿ, ಇಷ್ಟು ಡಾಲರ್" ಅಂದುಬಿಟ್ಟರೆ ಮಾತು ಮುಗಿಯಿತು. ಮುನ್ನೂರು ಫೈಲ್‌ಗಳ ಒಂದು ಲಿಂಕ್ ಹೋಗುತ್ತದೆ. ಅದರಲ್ಲಿ ಹತ್ತು ವಾಟ್ಸಾಪ್‌ನಲ್ಲಿ ಮೈಸೂರಿನ ಅಜ್ಜಿಗೆ ಹೋಗುತ್ತವೆ, ಒಂದು ಇನ್‌ಸ್ಟಾಗ್ರಾಮ್‌ಗೆ ಏರುತ್ತದೆ, ಒಂದು ಈಯರ್‌ಬುಕ್ಕಿಗೆ. ಉಳಿದವು ಅಪ್ಪನ ಲ್ಯಾಪ್‌ಟಾಪಿನ ಯಾವುದೋ ಫೋಲ್ಡರಿನಲ್ಲಿ ಕೂತಿರುತ್ತವೆ. ಮಗಳು ಕಾಲೇಜಿಗೆ ಹೋಗಿ ನಾಲ್ಕು ವರ್ಷವಾದ ಮೇಲೂ ಆ ಮನೆಯ ಗೋಡೆಯ ಮೇಲೆ ಅವಳ ಒಂದು ಚಿತ್ರ ಇರುವುದಿಲ್ಲ. ಅದೇ ಕುಟುಂಬದ ಊರಿನ ಮನೆಗೆ ಹೋಗಿ ನೋಡಿ: ಹಜಾರದಲ್ಲಿ ಅಜ್ಜ ಅಜ್ಜಿಯ ಮದುವೆ ಫೋಟೊ, ಗಾಜಿನ ಹಿಂದೆ, ಐವತ್ತು ವರ್ಷದಿಂದ ಅದೇ ಮೊಳೆಗೆ ತೂಗುತ್ತಿರುತ್ತದೆ.

ಗೋಡೆಗೆ ಬರುವ ಚಿತ್ರವನ್ನು ಯಾರಾದರೂ ಮಾರಬೇಕು. ಮಾರುವುದು ಅಂದರೆ ನಮ್ಮವರಲ್ಲಿ ಅನೇಕರಿಗೆ ಸಂಕೋಚ. ಚೆನ್ನಾಗಿ ತೆಗೆಯುವುದು ಕಲೆ, ಪ್ರಿಂಟ್ ಮಾರುವುದು ಅಂಗಡಿತನ ಅನ್ನುವ ಭಾವ. ಈ ಕೆಲಸವನ್ನು ಹತ್ತಿರದಿಂದ ನೋಡಿದಷ್ಟೂ ನನಗೆ ಗಟ್ಟಿಯಾಗುತ್ತಿರುವ ಅಭಿಪ್ರಾಯವೇ ಬೇರೆ. ಪ್ರಿಂಟ್ ಮಾರಾಟ ಕೆಡುವುದು ದರಪಟ್ಟಿ ಹೊರತೆಗೆಯುವ ದಿನವಲ್ಲ, ಅದಕ್ಕಿಂತ ಎರಡು ತಿಂಗಳ ಮೊದಲಿನ ಆ ಫೋನ್ ಕರೆಯಲ್ಲಿ. ಚಿತ್ರ ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳದೆ ತೆಗೆದ ಫೋಟೊ ಎಲ್ಲಿಗೂ ಹೋಗುವುದಿಲ್ಲ.

ಯುಗಾದಿಯೇ ಸರಿಯಾದ ಸಮಯ

ಈ ಕೆಲಸಕ್ಕೆ ಅದರದೇ ಒಂದು ಪಂಚಾಂಗವಿದೆ. ಪದವಿ ಪ್ರದಾನ ಮೇ ಕೊನೆಗೋ ಜೂನ್‌ಗೋ. ಆದರೆ ಈಯರ್‌ಬುಕ್ಕಿನ ಗಡುವು ಹೆಚ್ಚಿನ ಶಾಲೆಗಳಲ್ಲಿ ಅದರ ಹಿಂದಿನ ಶರತ್ಕಾಲದಲ್ಲೇ ಬಂದುಹೋಗುತ್ತದೆ. ಹಾಗಾಗಿ ಹನ್ನೊಂದನೆಯ ಕ್ಲಾಸು ಮುಗಿದ ಬೇಸಿಗೆಯೇ ಸೀಸನ್: ಜೂನ್‌ನಿಂದ ಅಕ್ಟೋಬರ್‌ವರೆಗೆ. ಬುಕಿಂಗ್ ಆಗಬೇಕಾದದ್ದು ಇನ್ನೂ ಮೊದಲು, ಮಾರ್ಚ್‌ನಿಂದ ಮೇ ಒಳಗೆ. ಇದನ್ನು ಗಮನಿಸದೆ ನವೆಂಬರಿನಲ್ಲಿ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಸ್ಟಾಲ್ ಹಾಕುವವರಿದ್ದಾರೆ. ಆ ವರ್ಷದ ಮಕ್ಕಳ ಫೋಟೊ ಅಷ್ಟರಲ್ಲಿ ಆಗಿಹೋಗಿರುತ್ತದೆ, ಉಳಿದಿರುವುದು ಏಪ್ರಿಲ್‌ನಲ್ಲಿ ಟೋಪಿ, ಗೌನು ಹಾಕಿಸಿ ತೆಗೆಯುವ ಅರ್ಧ ಗಂಟೆಯ ಕೆಲಸ ಮಾತ್ರ. ಮಾರ್ಚ್-ಏಪ್ರಿಲ್‌ನಲ್ಲಿ ಬರುವ ಯುಗಾದಿ ಕಾರ್ಯಕ್ರಮವೇ ಸರಿಯಾದ ಜಾಗ. ಮುಂದಿನ ಬೇಸಿಗೆಯಲ್ಲಿ ಫೋಟೊ ಬೇಕಾದ ಮಕ್ಕಳ ಅಪ್ಪ ಅಮ್ಮ ಅಲ್ಲಿ ಹೋಳಿಗೆ ಊಟಕ್ಕೆ ಸಾಲಿನಲ್ಲಿ ನಿಂತಿರುತ್ತಾರೆ. ಅವರ ಕಣ್ಣಿಗೆ ಬೀಳುವಂತೆ 24×36 ಇಂಚಿನ ಒಂದೇ ಒಂದು ಚಿತ್ರ ಇಟ್ಟರೆ ಸಾಕು. ಮೇಜಿನ ತುಂಬ ಚಿಕ್ಕ ಪ್ರಿಂಟ್ ಹರಡಿದರೆ ಚಿಕ್ಕದನ್ನೇ ಕೇಳುತ್ತಾರೆ. ಕಣ್ಣು ಏನನ್ನು ಕಂಡಿತೋ ಕೈ ಅದನ್ನೇ ಕೊಳ್ಳುತ್ತದೆ.

ಮಕ್ಕಳಿಗೆ ತಲುಪುವ ದಾರಿ ಬೇರೆ, ತಾಯಂದಿರಿಗೆ ತಲುಪುವ ದಾರಿ ಬೇರೆ. ಯಾರ ಹತ್ತಿರ ಫೋಟೊ ತೆಗೆಸಿಕೊಳ್ಳಬೇಕು ಎಂದು ಹಟ ಹಿಡಿಯುವುದು ಮಗಳು. ಏನು ಕೊಳ್ಳಬೇಕು ಎಂದು ನಿರ್ಧರಿಸುವುದು ಅಮ್ಮ. ಎಷ್ಟು ಎಂದು ಕೇಳುವುದು ಅಪ್ಪ. ಇನ್‌ಸ್ಟಾಗ್ರಾಮಿನಲ್ಲಿ ದರದ ಮಾತಾಡಿ ಪ್ರಯೋಜನವಿಲ್ಲ, ಅಮ್ಮನಿಗೆ ಕಳಿಸುವ ಪುಸ್ತಿಕೆಯಲ್ಲಿ ಬರೀ ಸೂರ್ಯಾಸ್ತದ ಚಿತ್ರ ತುಂಬಿಯೂ ಪ್ರಯೋಜನವಿಲ್ಲ. ಅವಳಿಗೆ ದರ, ಗಡುವು, ಎಷ್ಟು ಬಟ್ಟೆ ಬದಲಾಯಿಸಬಹುದು, ಮಳೆ ಬಂದರೆ ಏನು, ಇಷ್ಟು ವಿವರ ಎರಡು ಪುಟದಲ್ಲಿ ಬೇಕು.

ಸೀನಿಯರ್ ರೆಪ್ ಎಂಬ ಪದ್ಧತಿಯ ಬಗ್ಗೆ ಒಂದು ಮಾತು. ಹನ್ನೊಂದನೆಯ ಕ್ಲಾಸಿನ ಕೆಲವು ಮಕ್ಕಳನ್ನು ಆರಿಸಿ, ವಸಂತದಲ್ಲೇ ಫೋಟೊ ತೆಗೆದು, ಅವರ ಮೂಲಕ ಗೆಳೆಯರನ್ನು ಕರೆತರುವುದು. ಇದು ಕೆಡುವ ಬಗೆ ಸಾಮಾನ್ಯವಾಗಿ ಒಂದೇ: ಆರಿಸಿದ ಎಂಟು ಮಕ್ಕಳೂ ಒಂದೇ ಗೆಳೆಯರ ಗುಂಪಿನವರು. ಎಂಟು ಜನಕ್ಕೂ ಗೊತ್ತಿರುವ ಗೆಳೆಯರು ಅದೇ ಹದಿನೈದು ಮಂದಿ. ಮಾರ್ಚಿಂಗ್ ಬ್ಯಾಂಡಿನಿಂದ ಒಬ್ಬರು, ರೊಬೊಟಿಕ್ಸ್‌ನಿಂದ ಒಬ್ಬರು, ಟೆನ್ನಿಸ್, ಡಿಬೇಟ್, ನಾಟಕ, ಭರತನಾಟ್ಯ, ಹೀಗೆ ಬೇರೆ ಬೇರೆ ಕಡೆಯಿಂದ ತೆಗೆದುಕೊಂಡರೆ ಶಾಲೆಯ ಬೇರೆ ಬೇರೆ ಮೂಲೆಗೆ ಹೆಸರು ಹೋಗುತ್ತದೆ. ಪ್ರತಿಯೊಬ್ಬರಿಗೂ ಅವರದೇ ಫೋಟೊ ಇರುವ 25 ಕಾರ್ಡು ಕೊಟ್ಟು, ಆ ಕಾರ್ಡು ಹಿಡಿದು ಬಂದ ಪ್ರತಿ ಬುಕಿಂಗಿಗೂ ಗೋಡೆ ಚಿತ್ರದ ಮೇಲೆ ರಿಯಾಯಿತಿ ಜಮಾ ಮಾಡುವುದು ಒಳ್ಳೆಯದು. ನಗದು ಬೇಡ. ನಗದು ಕೊಟ್ಟರೆ ಆ ಮನೆಗೂ ಪ್ರಿಂಟ್ ಹೋಗುವುದಿಲ್ಲ. ಈ ಮಕ್ಕಳು ಹದಿನೆಂಟು ದಾಟಿರುವುದಿಲ್ಲ, ಆದ್ದರಿಂದ ಅವರ ಚಿತ್ರವನ್ನು ಜಾಹೀರಾತಿಗೆ ಬಳಸಲು ಅಪ್ಪನೋ ಅಮ್ಮನೋ ಸಹಿ ಹಾಕಿದ ಒಪ್ಪಿಗೆ ಪತ್ರ ಮೊದಲೇ ಕೈಯಲ್ಲಿರಬೇಕು, ಫೋಟೊ ಹಾಕಿದ ಮೇಲೆ ಕೇಳುವುದಲ್ಲ.

ಇನ್ನೊಂದನ್ನು ಬುಕಿಂಗಿಗೆ ಮುಂಚೆ ವಿಚಾರಿಸಿಕೊಳ್ಳಬೇಕು. ಕೆಲವು ಶಾಲೆಗಳು ಈಯರ್‌ಬುಕ್ಕಿನ ಫೋಟೊಗೆ ಒಂದೇ ಕಂಪನಿಯ ಜತೆ ಒಪ್ಪಂದ ಮಾಡಿಕೊಂಡಿರುತ್ತವೆ. ಶಾಲೆಯ ಫೋಟೊ ವ್ಯಾಪಾರ ಇಲ್ಲಿ ಹಳೆಯದು, ದೊಡ್ಡದು. 1936ರಲ್ಲಿ ಮಿನೆಸೋಟಾದಲ್ಲಿ ಶುರುವಾದ ಲೈಫ್‌ಟಚ್ ಕಂಪನಿಯನ್ನು 2018ರಲ್ಲಿ ಆನ್‌ಲೈನ್ ಫೋಟೊ ಕಂಪನಿ ಶಟರ್‌ಫ್ಲೈ ಕೊಂಡುಕೊಂಡಿತು. ಒಪ್ಪಂದವಿರುವ ಶಾಲೆಯಲ್ಲಿ ಸಾಮಾನ್ಯವಾಗಿ ಹುಡುಗಿಯರಿಗೆ ಭುಜದ ಸುತ್ತ ಹೊದಿಸುವ ಕಪ್ಪು ಡ್ರೇಪ್, ಹುಡುಗರಿಗೆ ಟಕ್ಸಿಡೊ ಹಾಕಿಸಿ ಅವರೇ ತೆಗೆಯುತ್ತಾರೆ. ಅಲ್ಲಿ ನೀವು ತೆಗೆದ ಚಿತ್ರ ಪುಸ್ತಕಕ್ಕೆ ಹೋಗುವುದಿಲ್ಲ, ಮನೆಗೆ ಮಾತ್ರ. ಇದನ್ನು ತಂದೆತಾಯಿಗೆ ಮೊದಲೇ ಬಿಡಿಸಿ ಹೇಳದಿದ್ದರೆ ಸೆಪ್ಟೆಂಬರಿನಲ್ಲಿ ಮನಸ್ತಾಪ ಖಂಡಿತ.

ಮೊದಲು ಗೋಡೆ, ಆಮೇಲೆ ಕ್ಯಾಮೆರಾ

ಫೋಟೊ ತೆಗೆಯುವ ಎರಡು ವಾರ ಮೊದಲು ತಾಯಿಯನ್ನು ಕೇಳಬೇಕಾದ ಪ್ರಶ್ನೆ ಒಂದೇ. "ಈ ಚಿತ್ರ ನಿಮ್ಮ ಮನೆಯ ಯಾವ ಗೋಡೆಗೆ?" ಹೆಚ್ಚಿನವರು ತಡವರಿಸುತ್ತಾರೆ, ಯಾಕೆಂದರೆ ಯಾರೂ ಹಾಗೆ ಕೇಳಿರುವುದಿಲ್ಲ. ಆಗ ಆ ಗೋಡೆಗೆ ಒಂದು ಸಾಮಾನ್ಯ ಲೆಟರ್ ಸೈಜಿನ ಬಿಳಿ ಹಾಳೆ ಅಂಟಿಸಿ ಮೊಬೈಲಿನಲ್ಲಿ ನೇರವಾಗಿ ನಿಂತು ಫೋಟೊ ತೆಗೆದು ಕಳಿಸಲು ಹೇಳಿ. ಹಾಳೆ 8.5×11 ಇಂಚು ಎಂದು ಗೊತ್ತಿರುವುದರಿಂದ ಪ್ರೋಸೆಲೆಕ್ಟ್‌ನಂಥ ಸಾಫ್ಟ್‌ವೇರಿನಲ್ಲಿ ಅದನ್ನೇ ಅಳತೆಗೋಲು ಮಾಡಿಕೊಂಡು, ಅವರದೇ ಸೋಫಾದ ಮೇಲೆ ಅವರದೇ ಮಗಳ ಚಿತ್ರವನ್ನು ನಿಜವಾದ ಗಾತ್ರದಲ್ಲಿ ತೋರಿಸಬಹುದು. ಸಾಫ್ಟ್‌ವೇರ್ ಇಲ್ಲದಿದ್ದರೆ ನ್ಯೂಸ್‌ಪೇಪರನ್ನು ಬೇಕಾದ ಅಳತೆಗೆ ಕತ್ತರಿಸಿ ಗೋಡೆಗೆ ಟೇಪ್ ಹಚ್ಚಿಸಿ. ಅದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಲೆಕ್ಕ ಹೀಗೆ. ಸೋಫಾದ ಮೇಲೆ ತೂಗುವ ಚಿತ್ರ, ಅಥವಾ ಚಿತ್ರಗಳ ಗುಂಪು, ಸೋಫಾದ ಅಗಲದ ಮೂರರಲ್ಲಿ ಎರಡು ಪಾಲಿನಿಂದ ಮುಕ್ಕಾಲಿನವರೆಗೆ ಇದ್ದರೆ ಕಣ್ಣಿಗೆ ಹಿತ. ಏಳು ಅಡಿಯ ಸೋಫಾ ಅಂದರೆ 84 ಇಂಚು, ಮೂರರಲ್ಲಿ ಎರಡು ಪಾಲು 56. ಅಲ್ಲಿ 8×10 ಹಾಕಿದರೆ ಅಂಚೆಚೀಟಿ ಅಂಟಿಸಿದ ಹಾಗೆ. 16×24ರ ಮೂರು ನಿಲುವಿನ ಚಿತ್ರಗಳನ್ನು ನಡುವೆ ಮೂರು ಮೂರು ಇಂಚು ಬಿಟ್ಟು ತೂಗಿದರೆ 54 ಇಂಚಾಗುತ್ತದೆ, ಸರಿಯಾಗಿ ಕೂರುತ್ತದೆ. ಸೋಫಾದ ಬೆನ್ನಿಗೂ ಚೌಕಟ್ಟಿನ ಕೆಳ ಅಂಚಿಗೂ ಆರರಿಂದ ಎಂಟು ಇಂಚು ಸಾಕು. ಇದಕ್ಕಿಂತ ಮೇಲಕ್ಕೆ ಹೋದರೆ ಚಿತ್ರ ಸೋಫಾಕ್ಕೆ ಸೇರಿದ್ದೆಂದು ಅನ್ನಿಸುವುದಿಲ್ಲ.

ಇಷ್ಟು ಮೊದಲೇ ಗೊತ್ತಿದ್ದರೆ ಫೋಟೊ ತೆಗೆಯುವ ರೀತಿಯೇ ಬದಲಾಗುತ್ತದೆ. ಮೂರು ನಿಲುವಿನ ಚಿತ್ರ ಬೇಕು ಅಂದರೆ ಮೂರಕ್ಕೂ ಒಂದೇ ಬೆಳಕು, ಒಂದೇ ಬಣ್ಣದ ಹಿನ್ನೆಲೆ ಬೇಕು. ಒಂದು ಎಡಕ್ಕೆ ನೋಡುತ್ತಿದ್ದರೆ ಇನ್ನೊಂದು ಬಲಕ್ಕೆ ನೋಡಬೇಕು, ಹೊರಗಿನ ಎರಡೂ ಮುಖ ನಡುವಿನ ಚಿತ್ರದ ಕಡೆ ತಿರುಗಿರಬೇಕು. ತೆಗೆದಾದ ಮೇಲೆ ಮೂರನ್ನು ಹುಡುಕಿ ಜೋಡಿಸಲು ಹೋದರೆ ಒಂದರಲ್ಲಿ ಬೇರೆ ಬಟ್ಟೆ, ಒಂದರಲ್ಲಿ ಸಂಜೆಯ ಹಳದಿ ಬೆಳಕು, ಒಂದರಲ್ಲಿ ನೆರಳಿನ ನೀಲಿ.

ಚಿತ್ರದ ಅಂಚು ಕತ್ತರಿಸುವ (ಕ್ರಾಪ್) ವಿಷಯ ಇನ್ನೂ ಮುಖ್ಯ. ಹೆಚ್ಚಿನ ಕ್ಯಾಮೆರಾಗಳ ಚಿತ್ರ 2:3ರ ಅನುಪಾತದ್ದು. 8×10, 16×20 ಪ್ರಿಂಟುಗಳು 4:5. ಅಂದರೆ 8×12 ಆಗಬೇಕಾದ ಚಿತ್ರವನ್ನು 8×10ಕ್ಕೆ ಇಳಿಸುವಾಗ ಉದ್ದದಲ್ಲಿ ಆರರಲ್ಲಿ ಒಂದು ಪಾಲು ಹೋಗುತ್ತದೆ. ತಲೆಯಿಂದ ಪಾದದವರೆಗೆ ಚೌಕಟ್ಟು ತುಂಬಿ ತೆಗೆದಿದ್ದರೆ ಒಂದೋ ನೆತ್ತಿ ಹೋಗಬೇಕು, ಇಲ್ಲವೇ ಕಾಲು. ನಮ್ಮ ಮಕ್ಕಳಲ್ಲಿ ಅನೇಕರಿಗೆ ಅದೇ ಬೇಸಿಗೆಯಲ್ಲಿ ರಂಗಪ್ರವೇಶವೂ ಇರುತ್ತದೆ, ನೃತ್ಯದ ಉಡುಪಿನಲ್ಲಿ ಒಂದಷ್ಟು ಸೀನಿಯರ್ ಫೋಟೊ ಬೇಕೆನ್ನುತ್ತಾರೆ. ಅರೆಮಂಡಿಯಲ್ಲಿ ಕೂತು ಎರಡೂ ಕೈ ಚಾಚಿದ ಭಂಗಿ ಸುಮಾರು ಚೌಕಾಕಾರದ್ದು. ಅದನ್ನು ಬಿಗಿಯಾಗಿ ತೆಗೆದು ಆಮೇಲೆ ಬೇರೆ ಅನುಪಾತದ ಪ್ರಿಂಟಿಗೆ ಕತ್ತರಿಸಿದರೆ ಬೆರಳ ತುದಿಯ ಮುದ್ರೆ ಹೋಗುತ್ತದೆ, ಅಥವಾ ಗೆಜ್ಜೆ ಹೋಗುತ್ತದೆ. ವರ್ಷಗಟ್ಟಲೆ ಕಲಿಸಿದ ಗುರುಗಳು ಮೊದಲು ನೋಡುವುದೇ ಆ ಎರಡನ್ನು. ಎರಡು ಹೆಜ್ಜೆ ಹಿಂದೆ ಸರಿದು, ನಾಲ್ಕೂ ಕಡೆ ಜಾಗ ಬಿಟ್ಟು ತೆಗೆಯಬೇಕು.

ಕ್ಯಾನ್ವಾಸಿನಲ್ಲಿ ಇನ್ನೂ ಒಂದು ತಿರುವಿದೆ. ಒಂದೂವರೆ ಇಂಚು ದಪ್ಪದ ಮರದ ಪಟ್ಟಿಗೆ ಸುತ್ತುವಾಗ ಚಿತ್ರದ ಪ್ರತಿ ಅಂಚಿನಿಂದ ಸುಮಾರು ಎರಡು ಇಂಚು ಬದಿಗೆ, ಹಿಂದಕ್ಕೆ ಹೋಗುತ್ತದೆ. ಗೋಡೆಯ ಮೇಲೆ 16×24 ಕಾಣಬೇಕಾದರೆ ಫೈಲು 20×28ಕ್ಕೆ ಸಿದ್ಧವಾಗಿರಬೇಕು. ಮೊಣಕೈ ಅಂಚಿಗೆ ಹತ್ತಿರವಿದ್ದರೆ ಅದು ಮೂಲೆಯಲ್ಲಿ ಮಡಿಚಿಕೊಳ್ಳುತ್ತದೆ. ಪ್ರಿಂಟ್ ಹಾಕಿಕೊಡುವ ಪ್ರಯೋಗಾಲಯಕ್ಕೆ (ಲ್ಯಾಬ್) ಕಳಿಸುವ ಮುನ್ನ ಸುತ್ತುವ ಗೆರೆಯನ್ನು ಚಿತ್ರದ ಮೇಲೆ ಎಳೆದು ನೋಡುವುದು ಎರಡು ನಿಮಿಷದ ಕೆಲಸ. ಬಿಟ್ಟರೆ ಇಡೀ ಕ್ಯಾನ್ವಾಸು ದಂಡ.

ಮೇಜಿನ ಸುತ್ತ ಒಂದು ಸಂಜೆ

ಫೋಟೊ ತೆಗೆದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಅದರೊಳಗೆ ಕುಟುಂಬವನ್ನು ಕೂರಿಸಿ ತೋರಿಸಬೇಕು. ಆನ್‌ಲೈನ್ ಗ್ಯಾಲರಿ ಕಳಿಸಿದರೆ ಮೊದಲ ರಾತ್ರಿ ಎಲ್ಲರೂ ನೋಡುತ್ತಾರೆ, ಆಮೇಲೆ ಗಡುವಿನ ಹಿಂದಿನ ರಾತ್ರಿಯವರೆಗೆ ಮೌನ. ಕಣ್ಣೆದುರಿನ ತೆರೆಯ ಮೇಲೆ ದೊಡ್ಡದಾಗಿ ಕಂಡದ್ದಕ್ಕೂ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಸರಿಸಿದ್ದಕ್ಕೂ ಬಹಳ ಅಂತರವಿದೆ.

ಒಂದು ಸಂಜೆ ಹೀಗಿರುತ್ತದೆ. ಅಮ್ಮ, ಅಪ್ಪ, ಮಗಳು, ಹತ್ತನೆಯ ಕ್ಲಾಸಿನ ತಮ್ಮ. ಮೊದಲು ನಾಲ್ಕು ನಿಮಿಷ ಯಾರೂ ಮಾತಾಡದೆ ಚಿತ್ರಗಳನ್ನು ಸುಮ್ಮನೆ ನೋಡುತ್ತಾರೆ. ನೀಲಿ ಸೀರೆಯಲ್ಲಿ, ಅಮ್ಮನ ಮದುವೆಯ ಓಲೆ ಹಾಕಿಕೊಂಡು ಮಗಳು ತಿರುಗಿ ನಗುವ ಚಿತ್ರ ಬಂದಾಗ ಅಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾಳೆ. ಮಗಳು ಅದೇ ಚಿತ್ರ ನೋಡಿ "ಕಣ್ಣು ಸಣ್ಣದಾಗಿದೆ, ತೆಗೆದುಹಾಕಿ" ಅನ್ನುತ್ತಾಳೆ. ಅಪ್ಪ ಫೋನಿನ ಕ್ಯಾಲ್ಕುಲೇಟರ್ ತೆರೆದಿರುತ್ತಾನೆ. ಈ ಮೂರೂ ಪ್ರತಿಕ್ರಿಯೆ ಸಹಜ, ಮೂರಕ್ಕೂ ಜಾಗ ಕೊಡಬೇಕು. ಮಗಳ ಮಾತು ಕೇಳಿ ಆ ಚಿತ್ರವನ್ನು ಅಲ್ಲೇ ಅಳಿಸಿದರೆ ಆ ಮನೆ ಮುಂದೆ ಇಪ್ಪತ್ತು ವರ್ಷ ನೋಡಬಹುದಾಗಿದ್ದ ಚಿತ್ರ ಹೋಯಿತು. "ಇದು ಅಮ್ಮನ ಪಟ್ಟಿಯಲ್ಲಿರಲಿ, ನಿನ್ನದು ಬೇರೆ" ಎಂದು ಎರಡು ಪಟ್ಟಿ ಮಾಡಿದರೆ ಜಗಳವಿಲ್ಲ.

ತೋರಿಸುವುದು ಮೂವತ್ತರಿಂದ ನಲವತ್ತು ಚಿತ್ರ. ಮುನ್ನೂರು ತೋರಿಸುವುದು ಧಾರಾಳತನದಂತೆ ಕಾಣುತ್ತದೆ, ಆದರೆ ಆರಿಸುವ ಹೊರೆಯನ್ನು ಗಿರಾಕಿಯ ತಲೆ ಮೇಲೆ ಹಾಕಿದ ಹಾಗೆ. ಒಂದೇ ಭಂಗಿಯ ಹನ್ನೆರಡು ಚಿತ್ರ ನೋಡಿದ ಮೇಲೆ ಯಾರಿಗೂ ಯಾವುದೂ ಬೇಡ ಅನ್ನಿಸಿ "ಯೋಚಿಸಿ ಹೇಳ್ತೀವಿ" ಎಂದು ಏಳುತ್ತಾರೆ. ಒಂದೇ ಥರದ ಎರಡೆರಡನ್ನು ಅಕ್ಕಪಕ್ಕ ಇಟ್ಟು, ಯಾವುದು ಎಂದು ಕೇಳುತ್ತಾ ಹೋದರೆ ಮುಕ್ಕಾಲು ಗಂಟೆಯಲ್ಲಿ ಹನ್ನೆರಡು ಹದಿನೈದಕ್ಕೆ ಇಳಿಯುತ್ತದೆ. ಆಮೇಲೆ ಗಾತ್ರದ ಮಾತು. ಮೊದಲು ಗೋಡೆ, ನಂತರ ಆಲ್ಬಂ, ನಂತರ ಅಜ್ಜಿ ತಾತನಿಗೆ ಕೊಡುವ ಪ್ರಿಂಟ್, ಕೊನೆಗೆ ವಾಲೆಟ್, ಅಂದರೆ ಪರ್ಸಿನಲ್ಲಿ ಇಡುವ ಪುಟ್ಟ ಪ್ರಿಂಟ್. ಈ ಕ್ರಮ ತಿರುಗಿಸಿ ವಾಲೆಟ್‌ನಿಂದ ಶುರು ಮಾಡಿದರೆ ಅಪ್ಪನ ಕ್ಯಾಲ್ಕುಲೇಟರು ಗೋಡೆಗೆ ಬರುವಷ್ಟರಲ್ಲಿ ತುಂಬಿಹೋಗಿರುತ್ತದೆ.

ತೀರ್ಮಾನ ಮಾಡುವವರೆಲ್ಲ ಆ ಮೇಜಿನಲ್ಲಿರಬೇಕು. ಅಪ್ಪ ಆಫೀಸಿನಲ್ಲಿದ್ದಾನೆ, ಅಮ್ಮ ಒಬ್ಬಳೇ ಬಂದಿದ್ದಾಳೆ ಅಂದರೆ ದಿನ ಬದಲಾಯಿಸುವುದೇ ವಾಸಿ. ದರಪಟ್ಟಿ ಅವರ ಕೈಗೆ ಫೋಟೊ ತೆಗೆಯುವ ಮುಂಚೆಯೇ ಹೋಗಿರಬೇಕು. ಅಮ್ಮನ ಕಣ್ಣು ಒದ್ದೆಯಾದ ಗಳಿಗೆಯಲ್ಲಿ ಮೊದಲ ಸಲ ಬೆಲೆ ಹೇಳುವುದು ಇಲ್ಲಿ ಕೆಲವು ಕಡೆ ಮಾರಾಟದ ಕೌಶಲ ಅನ್ನಿಸಿಕೊಂಡಿದೆ. ನನಗೆ ಅದು ಮೋಸವಾಗಿಯೇ ಕಾಣುತ್ತದೆ. ವ್ಯಾಪಾರಕ್ಕೂ ಒಳ್ಳೆಯದಲ್ಲ: ಆ ಮಾತು ಮರುದಿನವೇ ವಾಟ್ಸಾಪ್ ಗ್ರೂಪಿನಲ್ಲಿ ಇರುತ್ತದೆ, ಮುಂದೆ ತಮ್ಮನ ಫೋಟೊ ಬೇರೆಯವರ ಪಾಲು.

ದರದ ಲೆಕ್ಕ

ಪ್ರಯೋಗಾಲಯದ ಬೆಲೆಗೆ ಸ್ವಲ್ಪ ಸೇರಿಸಿ ಮಾರುವುದೇ ಹೊಸಬರು ಬೀಳುವ ಹಳ್ಳ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: 16×24ರ ಒಂದು ಕ್ಯಾನ್ವಾಸಿಗೆ 90 ಡಾಲರ್, ಪ್ಯಾಕಿಂಗ್ ಸಾಗಾಟ 20, ಮೊಡವೆ ತಿದ್ದಿ, ಹಾರಿದ ಕೂದಲು ಸರಿಪಡಿಸಿ, ಆರ್ಡರ್ ಹಾಕಿ, ಬಂದದ್ದನ್ನು ಪರೀಕ್ಷಿಸಿ ಕೊಡುವುದಕ್ಕೆ ಒಂದೂವರೆ ಗಂಟೆ. ಗಂಟೆಗೆ 50 ಹಿಡಿದರೂ 75. ಒಟ್ಟು 185. ಇದನ್ನು 200ಕ್ಕೆ ಮಾರಿದವರಿಗೆ ಕೈಗೆ ಬಂದದ್ದು 15. ಅದರಲ್ಲೇ ಕ್ಯಾಮೆರಾ, ವಿಮೆ, ಬಾಡಿಗೆ, ತೆರಿಗೆ. ವಸ್ತುವಿನ ನೇರ ಖರ್ಚು ಮಾರುವ ಬೆಲೆಯ ಕಾಲು ಭಾಗದ ಆಸುಪಾಸಿನಲ್ಲಿರಬೇಕು. ಇಲ್ಲಿ 110 ನೇರ ಖರ್ಚು, ಹಾಗಾಗಿ ಬೆಲೆ 440ರ ಹತ್ತಿರ. ಈ ಅಂಕಿ ಹೇಳಲು ನಾಲಿಗೆ ತಡವರಿಸುವವರು ಮೇಲಿನ ಲೆಕ್ಕವನ್ನು ಒಂದು ಸಲ ತಮ್ಮದೇ ಬಿಲ್ಲುಗಳನ್ನಿಟ್ಟುಕೊಂಡು ಬರೆದು ನೋಡಬೇಕು.

ಚಿಕ್ಕ ಪ್ರಿಂಟುಗಳ ಬೆಲೆಯಲ್ಲಿ ಒಂದು ಹಳೆಯ, ಒಳ್ಳೆಯ ಪದ್ಧತಿಯಿದೆ. 8×10 ಹಾಳೆಯೊಂದನ್ನು ಒಂದು ಯೂನಿಟ್ ಎಂದು ಹಿಡಿಯುವುದು: ಒಂದು 8×10, ಅಥವಾ ಎರಡು 5×7, ಅಥವಾ ನಾಲ್ಕು 4×5, ಅಥವಾ ಎಂಟು ವಾಲೆಟ್, ಯಾವುದಾದರೂ ಒಂದೇ ಬೆಲೆ, ಆದರೆ ಒಂದೇ ಭಂಗಿ. ಕೆಲಸ ಎಲ್ಲದಕ್ಕೂ ಒಂದೇ ಆದ್ದರಿಂದ ಇದು ನ್ಯಾಯವಾಗಿದೆ, ಗಿರಾಕಿಗೂ ಸುಲಭವಾಗಿ ಅರ್ಥವಾಗುತ್ತದೆ.

ಪ್ಯಾಕೇಜು ಮೂರು ಸಾಕು. ಐದಾದರೆ ಹೋಲಿಸಿ ಹೋಲಿಸಿ ಸುಸ್ತಾಗುತ್ತಾರೆ. ಗೋಡೆಯ ಚಿತ್ರ ನಡುವಿನ ಪ್ಯಾಕೇಜಿನಲ್ಲೇ ಬರುವಂತಿರಲಿ. ಸಾಫ್ಟ್ ಕಾಪಿಯ ಪ್ರಶ್ನೆ ಇತ್ಯರ್ಥವಾಗುವುದು ಇಲ್ಲೇ. ಎಲ್ಲ ಫೈಲ್‌ಗಳನ್ನೂ ಅತಿ ಅಗ್ಗದ ಪ್ಯಾಕೇಜಿನಲ್ಲಿ ಇಟ್ಟವರಿಗೆ ಬೇರೆ ಯಾವ ಪ್ಯಾಕೇಜೂ ಹೋಗುವುದಿಲ್ಲ. ಕೊಡುವುದೇ ಇಲ್ಲ ಎಂದು ಹಟ ಹಿಡಿದವರಿಗೆ ಗಿರಾಕಿಯೇ ಇರುವುದಿಲ್ಲ, ಅದರಲ್ಲೂ ಅರ್ಧ ಸಂಸಾರ ಕರ್ನಾಟಕದಲ್ಲಿರುವ ನಮ್ಮವರಿಗೆ ಫೈಲು ನಿಜಕ್ಕೂ ಬೇಕು. ಹೀಗೆ ಮಾಡಬಹುದು: ಯಾವ ಚಿತ್ರದ ಪ್ರಿಂಟ್ ಕೊಂಡರೂ ಅದೇ ಚಿತ್ರದ ಫೋನಿಗೆ ಸಾಕಾಗುವ ಫೈಲು, ಉದ್ದದ ಬದಿ 2048 ಪಿಕ್ಸೆಲ್, ಉಚಿತ. ಪ್ರಿಂಟಿಗಾಗುವ ಪೂರ್ಣ ಫೈಲುಗಳು ಮೇಲಿನ ಎರಡು ಪ್ಯಾಕೇಜಿನಲ್ಲಿ. ಬಿಡಿಯಾಗಿ ಬೇಕೆಂದರೆ ಅದಕ್ಕೂ ಬರೆದಿಟ್ಟ ಬೆಲೆ. ಪೂರ್ಣ ಫೈಲಿನ ಜತೆ ಮುದ್ರಣದ ಅನುಮತಿ ಪತ್ರ ಕೊಡಲು ಮರೆಯಬೇಡಿ. ಇಲ್ಲಿನ ಕಾನೂನಿನಲ್ಲಿ ಚಿತ್ರದ ಹಕ್ಕು ತೆಗೆದವರದು, ಪತ್ರವಿಲ್ಲದೆ ಮುದ್ರಿಸಲು ಅಂಗಡಿಗಳು ಒಪ್ಪದೆ ಹೋಗಬಹುದು. ಪ್ರಿಂಟಿಗೂ ಫೈಲಿಗೂ ಮಾರಾಟ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದನ್ನು ದರಪಟ್ಟಿ ಅಚ್ಚು ಹಾಕಿಸುವ ಮುನ್ನ ನೋಡಿಕೊಳ್ಳಬೇಕು.

ಸೂಟ್‌ಕೇಸು, ರೇಷ್ಮೆ, ಹೆಸರು

ಊರಿಗೆ ಹೋಗುವ ಪ್ರಿಂಟಿನ ಬಗ್ಗೆ ಇಲ್ಲಿನ ಮಾರಾಟದ ಪಾಠಗಳಲ್ಲಿ ಏನೂ ಇಲ್ಲ, ನಾವೇ ಯೋಚಿಸಬೇಕು. ವಿಮಾನದ ಚೆಕ್-ಇನ್ ಪೆಟ್ಟಿಗೆಗೆ ಉದ್ದ, ಅಗಲ, ಎತ್ತರ ಕೂಡಿ ಸಾಮಾನ್ಯವಾಗಿ 62 ಇಂಚಿನ ಮಿತಿ. 11×14 ಸಲೀಸಾಗಿ ಹೋಗುತ್ತದೆ. ದೊಡ್ಡ ಸೂಟ್‌ಕೇಸಿನಲ್ಲಿ ಎರಡು ಫೋಮ್ ಬೋರ್ಡಿನ ನಡುವೆ 16×20ಯೂ ಹೋದೀತು, ಆದರೆ ಮೊದಲು ಒಳಗಿನ ಅಗಲ ಅಳೆದು ನೋಡಿ. ಗಾಜು, ಚೌಕಟ್ಟು ಊರಿನಲ್ಲೇ ಹಾಕಿಸಲಿ. ಮಂಗಳೂರಿಗೋ ತೀರ್ಥಹಳ್ಳಿಗೋ ಹೋಗುವುದಾದರೆ ಇನ್ನೊಂದು ಎಚ್ಚರ ಹೇಳಿ ಕಳಿಸಬೇಕು. ಮಳೆಗಾಲದ ತೇವಕ್ಕೆ ಗಾಜಿಗೆ ಒತ್ತಿದ ಪ್ರಿಂಟ್ ಗಾಜಿಗೇ ಅಂಟಿಕೊಳ್ಳುತ್ತದೆ, ಕೀಳಲು ಹೋದರೆ ಬಣ್ಣದ ಪದರವೇ ಎದ್ದು ಬರುತ್ತದೆ. ನಡುವೆ ಮ್ಯಾಟ್ ಬೋರ್ಡ್ (ಚಿತ್ರದ ಸುತ್ತ ಬರುವ, ಕಿಂಡಿ ಕತ್ತರಿಸಿದ ದಪ್ಪ ರಟ್ಟು) ಹಾಕಿಸಿ ಗಾಜಿಗೂ ಚಿತ್ರಕ್ಕೂ ಅಂತರ ಬಿಡಿಸಬೇಕು. ಮ್ಯಾಟ್ ಇಲ್ಲಿಂದಲೇ ಹಾಕಿ ಕಳಿಸಿದರೆ ಇನ್ನೂ ಒಳ್ಳೆಯದು.

ಪ್ರಿಂಟ್ ಕಪ್ಪಾಗಿ ಬಂತು ಎಂಬ ದೂರಿನ ಮೂಲ ಹೆಚ್ಚಾಗಿ ಪ್ರಯೋಗಾಲಯದಲ್ಲಿರುವುದಿಲ್ಲ, ತಿದ್ದಿದವರ ತೆರೆಯಲ್ಲಿರುತ್ತದೆ. ಹೊಸ ಮಾನಿಟರುಗಳು ಬಹಳ ಪ್ರಕಾಶಮಾನ. ಆ ಬೆಳಕನ್ನು ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾಕ್ಕೆ (ಬೆಳಕಿನ ಅಳತೆ) ಇಳಿಸಿ, ಉಪಕರಣವಿಟ್ಟು ಬಣ್ಣ ಸರಿಹೊಂದಿಸಿದರೆ ಅರ್ಧ ದೂರು ಅಲ್ಲಿಗೇ ನಿಲ್ಲುತ್ತದೆ. ರೇಷ್ಮೆ ಸೀರೆಯದು ಬೇರೆ ತೊಂದರೆ. ಕಡುಗೆಂಪು, ರಾಣಿ ಬಣ್ಣದ ರೇಷ್ಮೆಯಲ್ಲಿ ಕೆಂಪು ಚಾನೆಲ್ ತುಂಬಿಹೋಗಿ ಮಡಿಕೆ, ನೇಯ್ಗೆ ಎಲ್ಲ ಮಾಯವಾಗಿ ಸೀರೆ ಬಣ್ಣದ ಮುದ್ದೆಯಂತೆ ಅಚ್ಚಾಗುತ್ತದೆ. ಕೆಂಪಿನ ಸ್ಯಾಚುರೇಶನ್ ಮಾತ್ರ ಇಳಿಸಿ ನೆರಿಗೆ ಮರಳಿ ಕಾಣುವಂತೆ ಮಾಡಬೇಕು, ಮೈಬಣ್ಣವನ್ನು ಮುಟ್ಟಬಾರದು. 24×36ಕ್ಕೆ ಕಳಿಸುವ ಮುಂಚೆ ಅದೇ ಫೈಲಿನ ಒಂದು 8×10 ತರಿಸಿ ಹಗಲಿನ ಬೆಳಕಿನಲ್ಲಿ ನೋಡಿ.

ಮೈಬಣ್ಣದ ವಿಷಯ ಬಂದಿದ್ದರಿಂದ ಹೇಳುತ್ತೇನೆ: "ಸ್ವಲ್ಪ ಬೆಳ್ಳಗೆ ಮಾಡಿ" ಎಂದು ಕೇಳುವ ಮನೆಗಳು ಈಗಲೂ ಇವೆ. ಮೊಡವೆ ತಿದ್ದಿ, ಗಾಯದ ಗುರುತು ಮಗಳು ಹೇಳಿದರೆ ತಿದ್ದಿ. ಬಣ್ಣ ಮಾತ್ರ ಅವಳದೇ ಇರಲಿ. ಅವಳ ಮುಂದೆಯೇ ಆ ಮಾತಿಗೆ ಹೂಂ ಅನ್ನಬಾರದು.

ಹೆಸರಿನಲ್ಲಿ ಆಗುವ ತಪ್ಪು ದುಬಾರಿ. ಈಯರ್‌ಬುಕ್ಕಿನ ಫೈಲಿಗೆ ಶಾಲೆ ಕೇಳುವಂತೆಯೇ ಹೆಸರಿಡಬೇಕು, ಸಾಮಾನ್ಯವಾಗಿ ಕೊನೆಯ ಹೆಸರು ಮೊದಲು. ನಮ್ಮಲ್ಲಿ ಕೊನೆಯ ಹೆಸರು ಅಪ್ಪನ ಹೆಸರೋ, ಊರಿನದೋ, ಬರೀ ಇನಿಷಿಯಲ್ಲೋ ಆಗಿರುತ್ತದೆ. ಮನೆಯಲ್ಲಿ ಕರೆಯುವುದೊಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಶಾಲೆಯ ಗುರುತಿನ ಚೀಟಿಯ ಫೋಟೊ ತರಿಸಿಕೊಂಡು ಅಕ್ಷರಕ್ಕಕ್ಷರ ಹೊಂದಿಸಿ. ಆಲ್ಬಂ ಹೊದಿಕೆಯ ಮೇಲೆ ಚಿನ್ನದ ಅಕ್ಷರ ಹಾಕಿಸುವಾಗ ಒಂದು ಸಾಲಿನಲ್ಲಿ ಎಷ್ಟು ಅಕ್ಷರ ಹಿಡಿಯುತ್ತದೆ ಎಂದು ಮೊದಲೇ ಕೇಳಿಕೊಳ್ಳಬೇಕು, ನಮ್ಮ ಹೆಸರುಗಳು ಉದ್ದ. ತಂದೆತಾಯಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡುವವರೆಗೆ ಅಚ್ಚಿಗೆ ಹೋಗಬಾರದು.

ಗ್ಯಾರೇಜಿನಲ್ಲಿ ಪಾರ್ಟಿ

ಎಲ್ಲ ಪ್ರಿಂಟುಗಳೂ ಒಟ್ಟಿಗೆ ಕಣ್ಣಿಗೆ ಬೀಳುವ ದಿನ ಪದವಿಯ ಪಾರ್ಟಿ. ಜೂನಿನ ಶನಿವಾರ, ಗ್ಯಾರೇಜ್ ಗುಡಿಸಿ ಮೇಜು ಹಾಕಿರುತ್ತಾರೆ, ಒಂದು ಕಡೆ ಬಿಸಿಬೇಳೆ ಬಾತಿನ ಟ್ರೇ, ಇನ್ನೊಂದು ಕಡೆ ಪಿಜ್ಜಾ. ಬಾಗಿಲಲ್ಲಿ ಮಗಳ ಚಿತ್ರ. ಆಮಂತ್ರಣ ಕಾರ್ಡಿನ ಕೆಲಸ ಇದಕ್ಕೆ ಆರು ವಾರ ಮೊದಲೇ ಶುರುವಾಗಬೇಕು. 5×7ರ ಕಾರ್ಡು, ಎಣಿಸಬೇಕಾದ್ದು ಮನೆಗಳನ್ನು, ಜನರನ್ನಲ್ಲ. ಮೇಲೆ ಹತ್ತು ಹೆಚ್ಚುವರಿ. ಚೌಕಾಕಾರದ ಕಾರ್ಡು ಚೆಂದ, ಆದರೆ ಚೌಕ ಲಕೋಟೆಗೆ ಇಲ್ಲಿನ ಅಂಚೆಯಲ್ಲಿ ಹೆಚ್ಚಿನ ದರ. ಅದನ್ನು ಹೇಳದೆ ಮಾರಿದರೆ ನೂರು ಕಾರ್ಡು ಅಂಚೆಗೆ ಹಾಕಿದವರು ನಿಮ್ಮನ್ನೇ ಕೇಳುತ್ತಾರೆ.

ಈ ಪಾರ್ಟಿಗೆ ನನ್ನ ಮೆಚ್ಚಿನ ವಸ್ತು ಸಹಿಯ ಮ್ಯಾಟ್. ಹೊರ ಅಳತೆ 16×20, ನಡುವೆ 8×10ರ ಕಿಂಡಿಯಲ್ಲಿ ಮಗಳ ಚಿತ್ರ. ಬದಿಗಳಲ್ಲಿ ನಾಲ್ಕು, ಮೇಲೆ ಕೆಳಗೆ ಐದು ಇಂಚು ಬಿಳಿ ಜಾಗ ಉಳಿಯುತ್ತದೆ, ಬಂದವರು ಅದರ ಮೇಲೆ ಬರೆಯುತ್ತಾರೆ. ಅಜ್ಜಿ ಆ ಬೇಸಿಗೆಗೆ ಬಂದಿದ್ದರೆ ಕನ್ನಡದಲ್ಲಿ ಬರೆಯುತ್ತಾರೆ, ಕೂಟದ ಮಾಮಿ ಚಿಕ್ಕ ಅಕ್ಷರದಲ್ಲಿ ಇಡೀ ಪ್ಯಾರಾ ಬರೆಯುತ್ತಾರೆ, ಬ್ಯಾಂಡಿನ ಗೆಳೆಯ ಹೆಸರು ಮಾತ್ರ ಗೀಚುತ್ತಾನೆ. ಪೆನ್ನನ್ನು ಮ್ಯಾಟಿನ ಜತೆಗೇ ಕೊಡಬೇಕು: ಪಿಗ್ಮೆಂಟ್ ಶಾಯಿಯ, ಆಮ್ಲರಹಿತ ಪೆನ್ನು, ಎರಡು, ಯಾಕೆಂದರೆ ಒಂದು ಕಳೆದುಹೋಗುತ್ತದೆ. ಬಾಲ್‌ಪೆನ್ ಒತ್ತಿದರೆ ಬೋರ್ಡು ಕುಳಿ ಬೀಳುತ್ತದೆ, ಜೆಲ್ ಶಾಯಿ ಮೊಣಕೈ ತಾಗಿ ಹರಡುತ್ತದೆ. ಗಾಜನ್ನು ಆ ದಿನ ಹಾಕಬಾರದು, ಚಿತ್ರದ ಮೇಲೆ ಪಾರದರ್ಶಕ ಹಾಳೆಯೊಂದನ್ನು ಮುಚ್ಚಿಟ್ಟರೆ ಬಾತಿನ ತುಪ್ಪದ ಬೆರಳು ತಾಗುವುದಿಲ್ಲ. ಪಾರ್ಟಿ ಮುಗಿದ ಒಂದು ವಾರ ಶಾಯಿ ಪೂರ್ತಿ ಆರಲು ಬಿಟ್ಟು, ಆಮೇಲೆ ಚೌಕಟ್ಟಿಗೆ ಗಾಜು ಕೂರಿಸಿ, ಎರಡು ಕೊಕ್ಕೆ ಹಾಕಿ, ಮಗಳು ಆಗಸ್ಟಿನಲ್ಲಿ ಕಾಲೇಜಿಗೆ ಹೊರಡುವ ಮುನ್ನ ಮನೆಗೆ ತಲುಪಿಸಬೇಕು. ತಲುಪಿಸಲು ಹೋದಾಗ ಸುತ್ತಿಗೆ, ಮೊಳೆ, ಮಟ್ಟ ನೋಡುವ ಸಲಕರಣೆ ಜತೆಗಿರಲಿ. ಗೋಡೆಗೆ ಒರಗಿಸಿಟ್ಟು ಬಂದ ಚಿತ್ರ ತಿಂಗಳುಗಟ್ಟಲೆ ಹಾಗೇ ನೆಲದ ಮೇಲೆ ಇರುತ್ತದೆ.